ಭಾಲ್ಕಿಯ ಹೋಟೆಲಿನಲ್ಲಿ ಬಂದೂಕಿನ ಫೈಸಲಾ

ಹಿಂದೂಸ್ತಾನದ ಸೈನ್ಯಕ್ಕೆ ಯಾವ ಬಂದೂಕು ಬೇಕು ಎಂಬುದನ್ನು ದಿಲ್ಲಿಯಲ್ಲಿ ಕೂತ ದೊಡ್ಡ ದೊಡ್ಡ ಅಧಿಕಾರಿಗಳು ತೀರ್ಮಾನಿಸಿದರು ಎಂದು ನೀವು ಎಲ್ಲಾದರೂ ಓದಿದ್ದರೆ, ದಯವಿಟ್ಟು ಅದನ್ನು ಮರೆತುಬಿಡಿ. ಆ ವಿಷಯ ಇತ್ಯರ್ಥವಾದದ್ದು ಭಾಲ್ಕಿಯಲ್ಲಿ. ಬಸ್ ಸ್ಟ್ಯಾಂಡಿನ ಎದುರಿಗಿದ್ದ ಒಂದು ಚಹಾದ ಹೋಟೆಲಿನಲ್ಲಿ, ಒಂದು ಕಾಲು ಗಿಡ್ಡವಾಗಿದ್ದ ಬೆಂಚಿನ ಮೇಲೆ. ಇತ್ಯರ್ಥ ಮಾಡಿದವರು ನಮ್ಮ ಕಾಕಾ! ನಂಬುವುದಿಲ್ಲವೇ? ಬೇಡ ಬಿಡಿ, ದಿಲ್ಲಿಯವರೂ ನಂಬಲಿಲ್ಲ.

ಕಾಕಾ ಅಂದರೆ ನಮ್ಮ ತಂದೆಯ ತಮ್ಮ. ನಾನು ಚಿಕ್ಕವನಿದ್ದಾಗ, ನನ್ನ ತಮ್ಮ ಇನ್ನೂ ತೊಟ್ಟಿಲಲ್ಲಿದ್ದಾಗ ತಂದೆ ತೀರಿಕೊಂಡರು. ಒಂದೆರಡು ವರ್ಷದಲ್ಲಿ ತಾಯಿಯೂ ಹೋದಳು. ಔರಾದ ತಾಲೂಕಿನ ಡಾಬಕಾದಲ್ಲಿ ನಮ್ಮಿಬ್ಬರನ್ನೂ ಸಾಕಿ ಬೆಳೆಸಿದವರು ಕಾಕಾ ಮತ್ತು ಕಾಕು. ಅವರಿಗೆ ಸ್ವಂತ ಮಕ್ಕಳಿರಲಿಲ್ಲ. ಈ ಮಾತನ್ನು ಯಾರಾದರೂ ಮರುಕದಿಂದ ಆಡಿದರೆ ಕಾಕು ನಮ್ಮಿಬ್ಬರ ಕಡೆ ಕೈ ತೋರಿಸಿ, "ಇವು ಎರಡು ಏನು ಕುರಿ ಏನ್ರಿ?" ಎಂದು ಕೇಳುತ್ತಿದ್ದಳು.

ಕಾಕಾ ದೊಡ್ಡ ಯುದ್ಧದ ಕಾಲದಲ್ಲಿ ಸೈನ್ಯದ ಕಾರ್ಖಾನೆಯೊಂದರಲ್ಲಿ ಬಂದೂಕು ರಿಪೇರಿಯ ಕೆಲಸ ಮಾಡಿದವರು. ಮಿಸರ, ಅಂದರೆ ಈಜಿಪ್ತ್ ದೇಶದ ಮರಳಿನಲ್ಲಿ ನಾಲ್ಕು ವರ್ಷ ಕೂತು ಸಾವಿರಾರು ಬಂದೂಕುಗಳ ಹೊಟ್ಟೆಯೊಳಗಿನ ಮರಳು ತೆಗೆದಿದ್ದರಂತೆ. ಯಾರ ಮೇಲೂ ಒಂದು ಗುಂಡು ಹಾರಿಸಿರಲಿಲ್ಲ. ಊರಿಗೆ ಬಂದ ಮೇಲೆ ಹೊಲಿಗೆ ಮಷಿನ್, ಸ್ಟೋವು, ಬೀಗ, ಹೀಗೆ ಕಬ್ಬಿಣದ ಯಾವ ರೋಗಿ ಬಂದರೂ ಚಿಕಿತ್ಸೆ ಮಾಡುತ್ತಿದ್ದರು. ಜನ ಅವರನ್ನು 'ಮಿಸ್ತ್ರಿ' ಎಂದು ಕರೆಯುತ್ತಿದ್ದರು. ಸಂತೆಯ ದಿನ ಭಾಲ್ಕಿಗೆ ಬಂದು ಆ ಹೋಟೆಲಿನ ಪಕ್ಕದಲ್ಲೇ ಗೋಣಿತಟ್ಟು ಹಾಸಿ ಕೂತರೆ ಸಂಜೆಯ ತನಕ ಸುತ್ತಿಗೆಯ ಸದ್ದು. ಸುತ್ತಿಗೆ ನಿಂತಾಗ ಬಾಯಿಯ ಸದ್ದು.

ಇನ್ನೊಂದು ಸಂಗತಿ ಹೇಳಲೇಬೇಕು. ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಆಸುಪಾಸಿನಲ್ಲೇ ನಮ್ಮ ಓಣಿಯವರೆಲ್ಲ ಬೌದ್ಧ ದೀಕ್ಷೆ ತೆಗೆದುಕೊಂಡರು. ಜೀವ ತೆಗೆಯುವುದಿಲ್ಲ ಎಂಬ ಮೊದಲನೆಯ ಶೀಲವನ್ನು ಎಲ್ಲರೂ ಹೇಳಿದರು, ಕಾಕಾ ಅದನ್ನು ಹಿಡಿದುಕೊಂಡೇ ಕೂತರು! ಅಂದಿನಿಂದ ಮನೆಯಲ್ಲಿ ಇಲಿಗೆ ಅಭಯ. ಚೇಳು ಬಂದರೆ ಅದನ್ನು ಚಿಮಟದಲ್ಲಿ ಹಿಡಿದು, "ಹೋಗವಾ, ನಿನ್ನ ಸಂಸಾರ ನೀ ನೋಡ್ಕೊ" ಎಂದು ಬೇಲಿಯಾಚೆ ಬಿಟ್ಟು ಬರುತ್ತಿದ್ದರು. ಹಾಸಿಗೆಯ ತಗಣಿಗಳನ್ನು ಒಂದೊಂದಾಗಿ ಹಿಡಿದು ಕಡ್ಡಿಪೆಟ್ಟಿಗೆಯಲ್ಲಿ ತುಂಬಿ ಪಕ್ಕದ ಮನೆಯ ಗೋಡೆಯ ಹತ್ತಿರ ಮೆಲ್ಲಗೆ ಸುರಿಯುತ್ತಿದ್ದರು. ಅಹಿಂಸೆ ನಮ್ಮದು, ಕಡಿತ ಪಕ್ಕದವರದು.

ಇಂಥ ಮನುಷ್ಯ ಬೆಳಗಾದರೆ ಬಂದೂಕಿನ ಮಾತು ಎತ್ತುತ್ತಿದ್ದರಲ್ಲ, ಇದಕ್ಕೇನು ಹೇಳುತ್ತೀರಿ? ನಾನು ಒಮ್ಮೆ ಕೇಳಿಯೇ ಬಿಟ್ಟೆ.

"ಕಾಕಾ, ಜೀವಾ ತೆಗಿಯೂದಿಲ್ಲಂತ ಶೀಲ ತಗೊಂಡೀರಿ. ಮತ್ತ ಈ ಬಂದೂಕಿನ ಉಸಾಬರಿ ಯಾಕ್ರಿ?"

"ಮಾಸ್ತರ," ಎಂದರು ಕಾಕಾ. ಆಗಷ್ಟೇ ನಾನು ಭಾಲ್ಕಿಯ ಕನ್ನಡ ಸಾಲಿಗೆ ಮಾಸ್ತರನಾಗಿದ್ದೆ, ಅದಕ್ಕೇ ಆ ಮರ್ಯಾದೆ. "ಹಲವಾಯಿಗಿ ಸಕ್ಕರಿ ಬ್ಯಾನಿ ಬಂತಂತ ತಿಳಕೊ. ಅಂವಾ ತಿನ್ನೂದು ಬಿಡ್ತಾನ. ಜಿಲೇಬಿ ಮಾಡೂದು ಬಿಡ್ತಾನೇನು?"

ಇದಕ್ಕೆ ನಿಮ್ಮ ಹತ್ತಿರ ಉತ್ತರ ಇದೆಯೇ?

ಬಂದೂಕಿನ ಜಗಳ ಹುಟ್ಟಿದ್ದು ಒಂದು ಹಳೆಯ ಪತ್ರಿಕೆಯಿಂದ. ಹೋಟೆಲಿನಲ್ಲಿ ಭಜಿ ಕಟ್ಟಿಕೊಟ್ಟ ಹಾಳೆಯಲ್ಲಿ ಒಂದು ಸುದ್ದಿ ಇತ್ತು. ನಮ್ಮ ಸೈನ್ಯದಲ್ಲಿರುವ ಹಳೆಯ ತ್ರೀ ನಾಟ್ ತ್ರೀ ಬಂದೂಕನ್ನು ತೆಗೆದು, ತಾನೇ ಗುಂಡು ತುಂಬಿಕೊಳ್ಳುವ ಹೊಸ ಬಂದೂಕನ್ನು ಕೊಡುವ ವಿಚಾರ ನಡೆದಿದೆ, ಕಾಡತೂಸು ಕೂಡ ಬೇರೆ ಅಳತೆಯದು ಬರಲಿದೆ, ಅಂತ. ಕಾಕಾ ಆ ಹಾಳೆಯನ್ನು ಎಣ್ಣೆಸಮೇತ ಎದೆಗೆ ಒತ್ತಿಕೊಂಡು ಎದ್ದು ನಿಂತರು.

"ಏನ್ ಹಚ್ಚ್ಯಾರಿವರು! ಹೈದರಾಬಾದ್ ಹೋಗಿ ಮೈಸೂರ ಬಂತು, ಸುಮ್ನ ಕೂತಿವಿ. ಸೇರು ಹೋಗಿ ಕಿಲೋ ಬರ್ತದಂತಾರ, ಬರ್ಲಿ ಅಂದಿವಿ. ಕಚೇರ್ಯಾಗ ಉರ್ದು ಹೋಗಿ ಕನ್ನಡ ಬಂತು. ನಾವರೆ ದೇವರನೇ ಬಿಟ್ಟಿವಿ! ಇನ್ನ ಒಂದ ಬಂದೂಕು ಉಳದಿತ್ತು, ಅದನ್ನೂ ಬದಲಿ ಮಾಡ್ತಾರಂತ. ಒಂದಾದರೂ ಇದ್ದಂಗ ಇರಬಾರದೇನ್ರಿ?"

ಹೋಟೆಲಿನಲ್ಲಿದ್ದವರೆಲ್ಲ ತಲೆಯಾಡಿಸಿದರು, ಒಬ್ಬರನ್ನು ಬಿಟ್ಟು. ಆ ಒಬ್ಬರು ಕಮಲನಗರದ ನಿವೃತ್ತ ಸುಬೇದಾರರು. ಮನೆಮಾತು ಮರಾಠಿ. ಸೈನ್ಯದಲ್ಲಿ ಇಪ್ಪತ್ತು ವರ್ಷ ಕಳೆದು ಬಂದವರು, ಸಂತೆಗೆ ಬಂದು ಕಾಯಿಪಲ್ಲೆ ಕೊಳ್ಳುವಾಗಲೂ ಬದನೆಕಾಯಿಗಳನ್ನು ಸಾಲಾಗಿ ನಿಲ್ಲಿಸಿ ಪರೀಕ್ಷೆ ಮಾಡುವವರು. ಅವರು ಬಸಿಯಲ್ಲಿನ ಚಹಾ ಸುರ್ರೆಂದು ಎಳೆದು, "ಮಿಸ್ತ್ರಿ, ನೀವು ಬಂದೂಕು ರಿಪೇರಿ ಮಾಡೀರಿ. ನಾ ಹೊಡದೀನಿ. ಹೊಸಾದು ಬರಬೇಕು" ಎಂದರು.

ಮುಗಿಯಿತು! ಅಂದು ಶುರುವಾದದ್ದು ಆರು ವರ್ಷ ನಡೆಯಿತು.

ವಾದದ ವಿಧಾನ ಹೀಗೆ. ಹೋಟೆಲಿನವನ ಬಾಗಿಲಿಗೆ ಅಡ್ಡ ಹಾಕುವ ಬಡಿಗೆಯೇ ಬಂದೂಕು. ಅದು ಕಾಕಾ ಅವರ ಕೈಯಲ್ಲಿದ್ದಾಗ ಹಳೆಯ ಬಂದೂಕು, ಸುಬೇದಾರರ ಕೈಗೆ ಹೋದರೆ ಹೊಸದು. ಒಂದು ಗುಂಡು ಹಾರಿಸಿ, ಬೋಲ್ಟು ಎಳೆದು, ಮುಂದೆ ತಳ್ಳಿ, ಮತ್ತೆ ಹಾರಿಸುವ ಆಟವನ್ನು ಕಾಕಾ ಎಷ್ಟು ಚುರುಕಾಗಿ ಆಡಿ ತೋರಿಸುತ್ತಿದ್ದರೆಂದರೆ, ಎದುರಿನ ಬೆಂಚಿನವರು ಚಹಾದ ಬಸಿ ಹಿಡಿದುಕೊಂಡೇ ತಲೆ ಬಗ್ಗಿಸುತ್ತಿದ್ದರು. ಸುಬೇದಾರರು ಬಡಿಗೆ ಇಸಕೊಂಡು ಏನೂ ಎಳೆಯದೆ, ಏನೂ ತಳ್ಳದೆ, ಬೆರಳೊಂದನ್ನೇ ಆಡಿಸಿ, "ಠೋ, ಠೋ, ಠೋ. ಖತಂ!" ಎನ್ನುತ್ತಿದ್ದರು. ಬಾಗಿಲು ಹಾಕುವ ಹೊತ್ತಿಗೆ ಹೋಟೆಲಿನವನು, "ಹಿಂದೂಸ್ತಾನದ ಫೈಸಲಾ ನಾಳಿ ಮಾಡ್ರಿ, ನನ್ನ ಬಡಿಗಿ ಕೊಡ್ರಿ" ಎಂದು ಕೈಮುಗಿಯಬೇಕು.

ಕಾಡತೂಸಿನ ವಾದ ಬಂದಾಗ ಬಡಿಗೆ ಸಾಲಲಿಲ್ಲ. ಹಳೆಯ ಕಾಡತೂಸಿನ ಬುಡದಲ್ಲಿ ಹೊರಗೆ ಚಾಚಿದ ಒಂದು ಅಂಚು ಇರುತ್ತದೆ, ಹೊಸದಕ್ಕೆ ಅದಿಲ್ಲ. ಇದನ್ನು ಜನರಿಗೆ ತಿಳಿಸುವುದು ಹೇಗೆ? ಕಾಕು ತರಲು ಹೇಳಿದ್ದ ಬದನೆಕಾಯಿ ಕಾಕಾ ಅವರ ಚೀಲದಲ್ಲಿದ್ದವು, ಸುಬೇದಾರರ ಚೀಲದಲ್ಲಿ ತೊಂಡೆಕಾಯಿ. ಸರಿ, ತೊಟ್ಟಿನ ಟೋಪಿ ಅಗಲವಾಗಿದ್ದ ಬದನೆಕಾಯಿ ಹಳೆಯ ಕಾಡತೂಸಾಯಿತು, ನುಣ್ಣಗಿನ ತೊಂಡೆಕಾಯಿ ಹೊಸದಾಯಿತು. ಸುಬೇದಾರರು ಐದು ಬದನೆಕಾಯಿಗಳನ್ನು ಒಂದರ ಮೇಲೊಂದು ಒತ್ತಿ ಇಟ್ಟು, "ಈಗ ಮ್ಯಾಲಿಂದು ಮುಂದ ಸರಸ್ರಿ" ಎಂದರು. ಮೇಲಿನದರ ಟೋಪಿ ಕೆಳಗಿನದರ ಟೋಪಿಗೆ ಸಿಕ್ಕಿಕೊಂಡಿತು.

"ನೋಡ್ರಿ! ಅಂಚಿಗಿ ಅಂಚು ಹತ್ತಿ ಕೂತತು. ಈಗ ವೈರಿ ಬಂದಾನ. ಏನ್ ಮಾಡ್ತೀರಿ?"

"ಕಾಡತೂಸು ತುಂಬೋರಿಗೆ ಅಕಲ್ ಇದ್ದರ ಹಂಗ ಆಗೂದಿಲ್ರಿ" ಎಂದರು ಕಾಕಾ. "ಒಂದರ ಅಂಚು ಇನ್ನೊಂದರ ಮುಂದ ಬರೂಹಂಗ ತುಂಬಬೇಕು. ಮತ್ತ ಇವು ಚಿಂತಾಕಿ ಊರಿನ ಬದನಿಕಾಯಿ. ಸರ್ಕಾರಿ ಕಾಡತೂಸಿಗಿ ಇಷ್ಟು ದೊಡ್ಡ ಟೋಪಿ ಇರಂಗಿಲ್ಲ!"

ಅಂದು ಗೆದ್ದವರು ಯಾರು ಎಂಬುದರ ಬಗ್ಗೆ ಭಾಲ್ಕಿಯಲ್ಲಿ ಎರಡು ಅಭಿಪ್ರಾಯಗಳಿದ್ದವು. ಆದರೆ ವಾದದ ಭರದಲ್ಲಿ ಚೀಲಗಳು ಅದಲುಬದಲಾಗಿ, ಎಣ್ಣೆಗಾಯಿ ಪಲ್ಯಕ್ಕೆಂದು ಮಸಾಲೆ ಅರೆದು ಕಾಯುತ್ತಿದ್ದ ಕಾಕುವಿನ ಮುಂದೆ ಕಾಕಾ ತೊಂಡೆಕಾಯಿ ಸುರಿದರು. ಅವಳು ಹೇಳಿದ ಮಾತಿನಲ್ಲಿ ಮಾತ್ರ ಎರಡು ಅಭಿಪ್ರಾಯಕ್ಕೆ ಆಸ್ಪದ ಇರಲಿಲ್ಲ.

ಆದರೆ ಕಾಕಾ ಅವರ ನಿಜವಾದ ವಾದ ಬೇರೆಯೇ ಇತ್ತು. ಅದನ್ನು ಅವರು ಯಾವಾಗಲೂ ಕೊನೆಗೆ, ದನಿ ಇಳಿಸಿ ಹೇಳುತ್ತಿದ್ದರು.

"ಸುಬೇದಾರ ಸಾಹೇಬ, ಒಂದು ಮಾತು ಕೇಳ್ರಿ. ಹಳೀ ಬಂದೂಕಿನಾಗ ಒಂದ ಗುಂಡು ಹೊಡದ ಮ್ಯಾಲ ಬೋಲ್ಟ್ ಎಳೀಬೇಕು. ಎಳಿಯೂದರಾಗ ಮನಷ್ಯಾ ಒಂದ ಉಸುರು ತಗೋತಾನ. ಆ ಒಂದ ಉಸುರಿನಾಗ ಅವಗ ವಿಚಾರ ಬರ್ತದ, ಇನ್ನೊಂದು ಹೊಡೀಲ್ಯೋ ಬ್ಯಾಡೋ ಅಂತ. ಆ ಉಸುರು ತಗೀಬ್ಯಾಡ್ರಿ. ಹೊಸಾದರಾಗ ಅದಕ್ಕ ಫುರಸತ್ ಎಲ್ಲದ?"

"ಮಿಸ್ತ್ರಿ, ಆ ಒಂದ ಉಸುರಿನಾಗ ಎದುರಿನಾವನ ಗುಂಡು ಬರ್ತದ" ಎನ್ನುತ್ತಿದ್ದರು ಸುಬೇದಾರರು. ಅವರೂ ದನಿ ಇಳಿಸಿಯೇ ಹೇಳುತ್ತಿದ್ದರು.

ಇಬ್ಬರ ಮಾತೂ ನನಗೆ ಸರಿ ಅನ್ನಿಸುತ್ತಿತ್ತು. ಇಬ್ಬರೂ ಸರಿಯಿದ್ದಾಗ ಜಗಳ ಹೇಗೆ ಮುಗಿಯಬೇಕು?

ಬಾಯಿಮಾತಿನಿಂದ ಕೆಲಸವಾಗುವುದಿಲ್ಲ ಎಂದು ಕಾಕಾ ಅರ್ಜಿ ಬರೆಯಲು ನಿಶ್ಚಯಿಸಿದರು. ಅವರಿಗೆ ಬರುತ್ತಿದ್ದುದು ಉರ್ದು ಓದುಬರಹ. ಮೈಸೂರು ರಾಜ್ಯ ಬಂದ ಮೇಲೆ ಅರ್ಜಿ ಕನ್ನಡದಲ್ಲಿರಬೇಕು ಎಂದು ಯಾರೋ ಹೇಳಿದ್ದರಿಂದ ಬರೆಯುವ ಕೆಲಸ ನನ್ನ ಕೊರಳಿಗೆ ಬಿತ್ತು. ಸೈನ್ಯದ ವಿಷಯ ದಿಲ್ಲಿಗೆ ಹೋಗಬೇಕಲ್ಲವೇ ಎಂದು ನಾನು ಕೇಳಿದೆ. ಕಾಕಾ ನಕ್ಕರು. "ಮಾಸ್ತರ, ನಿನಗ ಕಾಯ್ದೆ ಗೊತ್ತಿಲ್ಲ. ನಿಜಾಮರ ಕಾಲದಾಗ ತಹಸೀಲ ಬಿಟ್ಟು ನೇರ ಮ್ಯಾಲ ಬರದರ ಅರ್ಜಿ ತಿಪ್ಪಿಗೆ ಹೋಗತಿತ್ತು. ಕೆಳಗಿನ ಸಾಹೇಬಗ ಕೊಡು. ಅಂವ ಮ್ಯಾಲಿನವಗ ಕೊಡ್ತಾನ. ಹಂಗೇ ಏರಿಕೋತ ದಿಲ್ಲಿಗಿ ಹೋಗ್ತದ."

ಹಾಗೆ ಏರುತ್ತಾ ಹೋಗಲಿ ಎಂದು ಒಂದು ಸರ್ಕಾರಿ ಕಚೇರಿಗೆ ಅರ್ಜಿ ಕೊಟ್ಟೆವು. ಯಾವ ಕಚೇರಿ ಎಂದು ಕೇಳಬೇಡಿ, ಅಲ್ಲಿದ್ದವರೆಲ್ಲ ಒಳ್ಳೆಯ ಜನ. ಅಲ್ಲಿಗೆ ಹೊಸದಾಗಿ ಬಂದಿದ್ದ ಗುಮಾಸ್ತ ದಕ್ಷಿಣದ ಕಡೆಯವನು. ಡಾಬಕಾದ ರೈತನೊಬ್ಬ ಬಂದೂಕಿನ ಬಗ್ಗೆ ಮೂರು ಹಾಳೆ ಬರೆದಿದ್ದಾನೆ ಎಂದರೆ ಪಾಪ ಅವನು ಏನೆಂದು ತಿಳಿಯಬೇಕು? ಬೆಳೆ ಕಾಯಲು ಬಂದೂಕಿನ ಲೈಸೆನ್ಸು ಕೊಡುವ ಕಡತಕ್ಕೆ ಅದನ್ನು ಸೇರಿಸಿದ.

ಒಂದೂವರೆ ತಿಂಗಳಾದ ಮೇಲೆ ಒಬ್ಬ ಸಾಹೇಬರು ಸೈಕಲ್ಲಿನಲ್ಲಿ ನಮ್ಮ ಹೊಲಕ್ಕೆ ಬಂದರು. ಜೋಳದ ಸಾಲಿನಲ್ಲಿ ಬಗ್ಗಿ ಬಗ್ಗಿ ನೋಡಿದರು.

"ಹಂದಿ ಎಷ್ಟು ಬರ್ತವೆ?" ಎಂದು ಕೇಳಿದರು.

ಕಾಕಾ ಗಾಬರಿಯಾದರು. ದಿಲ್ಲಿಯವರು ಹೊಸ ಬಂದೂಕನ್ನು ಹಂದಿಯ ಮೇಲೆ ಪರೀಕ್ಷಿಸುತ್ತಾರೆ ಎಂದು ಅವರಿಗೆ ಅನ್ನಿಸಿತಂತೆ. "ಸಾಹೇಬ್ರ, ನಮ್ಮ ಹೊಲದಾಗ ಒಂದೂ ಹಂದಿ ಇಲ್ರಿ. ಇದ್ದರೂ ತೋರ್ಸಾಂವ ಅಲ್ರಿ. ನಾ ಶೀಲ ತಗೊಂಡಾಂವ ಇದ್ದೇನಿ" ಎಂದು ಕೈಮುಗಿದರು. ಸಾಹೇಬರು ಅದನ್ನು ಬರೆದುಕೊಂಡು ಮಜ್ಜಿಗೆ ಕುಡಿದು ಹೋದರು.

ಆಮೇಲೆ ಉತ್ತರ ಬಂತು! ಸರ್ಕಾರಿ ಮೊಹರು, ಕನ್ನಡದ ಅಕ್ಷರ. 'ಸ್ಥಳ ಪರಿಶೀಲನೆಯಲ್ಲಿ ಹಂದಿಗಳ ಹಾವಳಿ ಕಂಡುಬಂದಿಲ್ಲವಾದ್ದರಿಂದ ಬಂದೂಕಿನ ಬಗ್ಗೆ ತಮ್ಮ ಕೋರಿಕೆಯಂತೆ ಯಾವುದೇ ಹೊಸ ಕ್ರಮಕ್ಕೆ ಅವಕಾಶವಿರುವುದಿಲ್ಲ.' ಕಾಕಾ ಅದನ್ನು ಎರಡು ಸಲ ಓದಿಸಿ ಕೇಳಿದರು. ಹಂದಿಯ ಭಾಗ ಅವರ ಕಿವಿಯೊಳಗೆ ಹೋಗಲೇ ಇಲ್ಲ. "ಹೊಸಾದಕ್ಕ ಅವಕಾಶ ಇಲ್ಲ! ಸರ್ಕಾರ ಒಪ್ಪತು, ಮಾಸ್ತರ, ಒಪ್ಪತು!" ಎಂದು ಅಂಗಳದಲ್ಲಿ ಕುಣಿದರು.

ಮುಂದಿನ ಸಂತೆಯ ದಿನ ಆ ಕಾಗದ ಭಾಲ್ಕಿಯ ಹೋಟೆಲಿಗೆ ಬಂತು. ಸುಬೇದಾರರಿಗೆ ಕನ್ನಡ ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಎಲ್ಲರ ಮುಂದೆ ಓದು ಎಂದು ನನಗೆ ಅಪ್ಪಣೆಯಾಯಿತು. ನಾನು ಸಾಲಿಯಲ್ಲಿ ಮಕ್ಕಳಿಗೆ ಸತ್ಯವನ್ನೇ ಹೇಳಬೇಕೆಂದು ಪಾಠ ಮಾಡುವವನು. ಕಾಕಾ ಅವರ ಮುಖ ನೋಡಿದೆ. ಹಂದಿಗಳನ್ನು ಬಿಟ್ಟು ಉಳಿದದ್ದನ್ನು ಗಟ್ಟಿಯಾಗಿ ಓದಿದೆ. ಇಡೀ ಹೋಟೆಲು ಚಪ್ಪಾಳೆ ತಟ್ಟಿತು. ಸುಬೇದಾರರು ಕಾಗದವನ್ನು ಇಸಕೊಂಡು, ತಿರುವಿ, ಮೊಹರನ್ನು ಮೂಸಿ ನೋಡಿ, "ಇದು ಮೈಸೂರಿನ ಫೈಸಲಾ. ದಿಲ್ಲಿದು ಬರ್ಲಿ" ಎಂದು ವಾಪಸ್ಸು ಕೊಟ್ಟರು.

ಈ ಆರು ವರ್ಷದ ವಾದವನ್ನು ನಾವೆಲ್ಲ ನಗುತ್ತ ಕೇಳಿದೆವು. ಒಬ್ಬನು ಮಾತ್ರ ನಗದೆ ಕೇಳಿದ್ದ. ಅವನು ನನ್ನ ತಮ್ಮ.

ಅವನಿಗೆ ಹದಿನೆಂಟಾದ ವರ್ಷ ಬೀದರಿನಲ್ಲಿ ಸೈನ್ಯದ ಭರ್ತಿ ನಡೆಯಿತು. ಚಪ್ಪಲಿ ತರುತ್ತೇನೆಂದು ಬೀದರಿಗೆ ಹೋದವನು ಸಂಜೆ ಬರಿಗಾಲಲ್ಲಿ ಬಂದ, ಕೈಯಲ್ಲಿ ಭರ್ತಿಯ ಕಾಗದವಿತ್ತು. "ಕಾಕಾ, ನನಗ ತಗೊಂಡಾರ" ಎಂದ. ಕಾಕಾ ಮೊದಲು ಅವನ ಬೆನ್ನಿಗೆ ಜೋರಾಗಿ ಬಡಿದರು, ನಕ್ಕರು, ಓಣಿಗೆಲ್ಲ ಕೂಗಿ ಹೇಳಿದರು. ಆಮೇಲೆ ಒಳಗೆ ಬಂದು ಕಾಕುವಿನ ಮುಖ ನೋಡಿದರು. ನಗು ನಿಂತಿತು.

ಕಾಕು ಅಳಲಿಲ್ಲ. ರೊಟ್ಟಿ ಬಡಿಯುತ್ತಲೇ ಹೇಳಿದಳು. "ಬಂದೂಕಿಗೆ ಬೋಲ್ಟ್ ಬೇಕು ಬೋಲ್ಟ್ ಬೇಕು ಅಂತಿದ್ರಿ. ನಿಮ್ಮ ಬಾಯಿಗೊಂದು ಇದ್ದರ ಈ ಕೂಸು ಮನ್ಯಾಗ ಇರ್ತಿತ್ತು."

ಅವಳು ಅಂದದ್ದು ಸುಳ್ಳಲ್ಲ. ತಮ್ಮ ಸೈನ್ಯಕ್ಕೆ ಹೋದದ್ದು ಕಾಕಾ ಅವರ ಮಾತು ಕೇಳಿ ಕೇಳಿ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಕಾಕಾಗೆ ಎಲ್ಲರಿಗಿಂತ ಹೆಚ್ಚಾಗಿ ಗೊತ್ತಿತ್ತು. ಅವನು ನೆಟ್ಟಗೆ ಮನೆಗೆ ಬರಬೇಕು, ಅಷ್ಟೇ ಅವರ ಪ್ರಾರ್ಥನೆ. ದೇವರನ್ನು ಬಿಟ್ಟವರು ಯಾರಿಗೆ ಪ್ರಾರ್ಥನೆ ಮಾಡುತ್ತಿದ್ದರೋ ನನಗೆ ಗೊತ್ತಿಲ್ಲ, ಆದರೆ ಮಾಡುತ್ತಿದ್ದರು.

ತಮ್ಮನ ಪತ್ರ ಬಂದಾಗಲೆಲ್ಲ ಕಾಕಾ ಕ್ಷೇಮಸಮಾಚಾರ ಮುಗಿಯುವ ತನಕ ತಡೆಯುತ್ತಿರಲಿಲ್ಲ. "ಯಾವ್ ಬಂದೂಕು ಕೊಟ್ಟಾರಂತ? ಅದನ್ನ ಓದು." ಅವನು ಒಮ್ಮೆ 'ಕಾಕಾ, ನಿಮ್ಮದೇ' ಎಂದು ಬರೆದಿದ್ದ. ಅಷ್ಟಕ್ಕೇ ಕಾಕಾ ಹೋಟೆಲಿನಲ್ಲಿ ಎಲ್ಲರಿಗೂ ಚಹಾ ಕುಡಿಸಿದರು.

ಆ ವರ್ಷದ ಕೊನೆಯಲ್ಲಿ ಉತ್ತರದ ಹಿಮದ ಗಡಿಯಲ್ಲಿ ಯುದ್ಧ ಶುರುವಾಯಿತು. ತಮ್ಮನ ಪತ್ರ ನಿಂತಿತು.

ಕಾಕಾ ಸಂತೆಗೆ ಬಂದು ಸುಮ್ಮನೆ ಕೂರುತ್ತಿದ್ದರು. ಸುಬೇದಾರರು ಪಕ್ಕದಲ್ಲಿ ಕೂತು, ಚಹಾ ತರಿಸಿ, ಮೆಲ್ಲಗೆ ಬಾಯಿ ತೆಗೆದರು.

"ಮಿಸ್ತ್ರಿ, ಕಾಳಜಿ ಮಾಡಬ್ಯಾಡ್ರಿ. ಹಳೀ ಬಂದೂಕು ಭಾಳ ಗಟ್ಟಿ. ಎಲ್ಲಿ ಬೇಕಲ್ಲಿ ನಡೀತದ. ಕೈ ಬಿಡೂದಿಲ್ಲ ಅದು."

ಕಾಕಾ ತಲೆ ಅಲ್ಲಾಡಿಸಿದರು. "ಇಲ್ರಿ ಸಾಹೇಬ. ಹೊಸಾದೇ ಬೇಕಾಗಿತ್ರಿ. ಎದುರಿನವರು ಗುಂಪುಗುಂಪಾಗಿ ಬರ್ತಾರಂತ ಪೇಪರಿನಾಗ ಬಂದದ. ಬೋಲ್ಟ್ ಎಳಕೋತ ಕೂತರ ಹ್ಯಾಂಗ್ರಿ?"

"ಛೇ ಛೇ, ಹಳೇದೇ ಛಲೋ!"

"ಬಿಲ್ಕುಲ್ ಇಲ್ರಿ, ಹೊಸಾದು!"

ನೋಡಿ, ಇಬ್ಬರೂ ಬಡಿಗೆಯನ್ನು ಮುಟ್ಟದೆ, ತಮ್ಮ ಪಕ್ಷ ಬಿಟ್ಟು ಎದುರು ಪಕ್ಷಕ್ಕೆ ಹೋಗಿ ಜಗಳವಾಡುತ್ತಿದ್ದರು! ಹೋಟೆಲಿನವನು ಆ ದಿನಗಳಲ್ಲಿ ಬಾಗಿಲು ಹಾಕಲು ಅವಸರ ಮಾಡುತ್ತಿರಲಿಲ್ಲ.

ಯುದ್ಧ ನಿಂತು ಎಷ್ಟೋ ವಾರಗಳಾದ ಮೇಲೆ ಪತ್ರ ಬಂತು. ಅಕ್ಷರ ತಮ್ಮನದಾಗಿರಲಿಲ್ಲ, ಬೇರೆ ಯಾರೋ ಬರೆದುಕೊಟ್ಟಿದ್ದರು. ಆಸ್ಪತ್ರೆಯಲ್ಲಿದ್ದೆ, ಈಗ ಆರಾಮ ಇದ್ದೇನೆ, ರಜೆ ಸಿಕ್ಕಿದೆ, ಇಂಥ ದಿನ ಭಾಲ್ಕಿಗೆ ರೈಲಿನಲ್ಲಿ ಬರುತ್ತೇನೆ, ಎಂದಿತ್ತು. ಕಾಕು ಆವತ್ತು ಮೊದಲ ಸಲ ಅತ್ತಳು. ಕಾಕಾ ಪತ್ರವನ್ನು ಜೇಬಿಗಿಟ್ಟು ನೇರ ಭಾಲ್ಕಿಯ ಬಸ್ ಹತ್ತಿದರು. ಅವರು ಹೋಟೆಲಿನೊಳಗೆ ಕಾಲಿಟ್ಟು "ಬರ್ಲಿಕತ್ಯಾನ!" ಎಂದ ಕ್ಷಣವೇ ಸುಬೇದಾರರು ಎದ್ದು ನಿಂತು, "ಹಂಗಾದ್ರ ಹೊಸಾ ಬಂದೂಕೇ ಛಲೋ!" ಎಂದರಂತೆ. "ಹಳೇದು!" ಎಂದು ಕಾಕಾ ಬಡಿಗೆಗೆ ಕೈ ಹಾಕಿದರಂತೆ. ಲೋಕ ಮತ್ತೆ ತನ್ನ ಜಾಗಕ್ಕೆ ಬಂದು ಕೂತಿತು.

ಅಂದೇ ಒಂದು ಒಪ್ಪಂದವೂ ಆಯಿತು. ಹುಡುಗ ನಿಜವಾದ ಯುದ್ಧ ನೋಡಿ ಬರುತ್ತಿದ್ದಾನೆ. ಆಸ್ಪತ್ರೆಯಿಂದ ಬಂದ ಪತ್ರದಲ್ಲಿ ಅವನು ತನ್ನ ಪಲ್ಟನ್ನಿಗೆ ಈಗ ಹೊಸ ಬಂದೂಕು ಬಂದಿದೆ ಎಂದೂ ಬರೆಸಿದ್ದ. ಎರಡನ್ನೂ ಬಲ್ಲವನು ಅವನೇ, ಅವನೇ ಹೇಳಲಿ. ಸೋತವರು ಎಲ್ಲರ ಮುಂದೆ 'ನಾ ಸೋತೆ' ಎನ್ನಬೇಕು. ಆರು ವರ್ಷದಲ್ಲಿ ಇಬ್ಬರೂ ಒಮ್ಮೆಯೂ ಆಡದ ಮಾತು ಅದು.

ತಮ್ಮ ಬರುವ ದಿನ ಸ್ಟೇಷನ್ನಿಗೆ ನಾನು, ಕಾಕಾ ಹೋದೆವು. ಕಾಕು ಮನೆಯಲ್ಲಿ ಹೋಳಿಗೆಗೆ ಹೂರಣ ಅರೆಯುತ್ತಿದ್ದಳು. ರೈಲಿನಿಂದ ಇಳಿದವನು ತೆಳ್ಳಗಾಗಿದ್ದ, ಎತ್ತರವಾಗಿದ್ದ, ಮಿಲಿಟರಿ ಕೋಟಿನಲ್ಲಿ ಚೆನ್ನಾಗಿ ಕಾಣುತ್ತಿದ್ದ. ಎಡಗೈಯಲ್ಲಿ ಟ್ರಂಕು ಹಿಡಿದಿದ್ದ. ಅದನ್ನು ಕೆಳಗಿಟ್ಟು ಅದೇ ಎಡಗೈಯಿಂದ ಕಾಕಾ ಅವರ ಕಾಲು ಮುಟ್ಟಿದ. ಬಲಗೈ ಕೋಟಿನ ಜೇಬಿನಲ್ಲೇ ಇತ್ತು. ನಾನು ಮಿಲಿಟರಿಯವರ ಠೀವಿ ಇರಬಹುದು ಎಂದುಕೊಂಡೆ. ಕಾಕಾ ಟ್ರಂಕನ್ನು ತಾವೇ ಎತ್ತಿ ಹೆಗಲ ಮೇಲೆ ಇಟ್ಟುಕೊಂಡರು.

ಹೋಟೆಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಂತೆಗೆ ಬಂದವರು ಸಂತೆ ಬಿಟ್ಟು ಇಲ್ಲಿ ನಿಂತಿದ್ದರು. ಸುಬೇದಾರರು ತಮ್ಮನಿಗೆ ಸೆಲ್ಯೂಟ್ ಹೊಡೆದರು. ಅವನು ಸೆಲ್ಯೂಟ್ ಹೊಡೆಯದೆ ತಲೆ ಬಗ್ಗಿಸಿ ನಕ್ಕ. ಕೂರಿಸಿದರು, ಭಜಿ ತರಿಸಿದರು. ಎಡಗೈಯಿಂದಲೇ ತಿಂದ. ಆಗ ನಾನು ಅವನ ಬಲಗಡೆಯ ಜೇಬಿನ ಕಡೆ ನೋಡಿದೆ.

"ಹಾಂ, ಈಗ ಫೈಸಲಾ!" ಎಂದರು ಸುಬೇದಾರರು. ಸಂಭ್ರಮದಲ್ಲಿ ಅವರಿಗೆ ಏನೂ ಕಂಡಿರಲಿಲ್ಲ. ಬಡಿಗೆಯನ್ನು ತಂದು ತಮ್ಮನ ಮುಂದೆ ಹಿಡಿದರು. "ಬೇಟಾ, ಬಾಯಿಲೆ ಹೇಳಬ್ಯಾಡ. ಎದ್ದ ನಿಂದರು, ಎರಡೂ ಕೈಲೆ ಹಿಡಿ. ಮೊದಲ ನಿಮ್ಮ ಕಾಕಾಂದು ಮಾಡಿ ತೋರ್ಸು, ಆಮ್ಯಾಲ ನಂದು. ಎಲ್ಲಾರೂ ನೋಡ್ಲಿ!"

ಜನ ಹೋ ಎಂದರು. ತಮ್ಮ ಎದ್ದು ನಿಂತ. ನಗು ಇನ್ನೂ ಮುಖದ ಮೇಲಿತ್ತು, ಆದರೆ ಕಣ್ಣಲ್ಲಿ ಇರಲಿಲ್ಲ. ಎಡಗೈ ಮುಂದೆ ಚಾಚಿದ. ಬಲಗೈ ಜೇಬಿನೊಳಗೆ ಒಮ್ಮೆ ಅಲುಗಾಡಿತು, ಹೊರಗೆ ಬರಲಿಲ್ಲ.

"ನಾ ಸೋತೆ."

ಯಾರು ಹೇಳಿದ್ದೆಂದು ಮೊದಲು ಯಾರಿಗೂ ತಿಳಿಯಲಿಲ್ಲ. ಕಾಕಾ ಬೆಂಚಿನಿಂದ ಎದ್ದು ತಮ್ಮನಿಗೂ ಬಡಿಗೆಗೂ ನಡುವೆ ಬಂದು ನಿಂತಿದ್ದರು.

"ಸುಬೇದಾರ ಸಾಹೇಬ, ನಾ ಸೋತೆ. ಹೊಸಾ ಬಂದೂಕೇ ಛಲೋ. ಕಾಡತೂಸೂ ಹೊಸಾದೇ ಛಲೋ. ನೀವ ಗೆದ್ರಿ. ಇನ್ನ ತೋರ್ಸೂದೇನದ? ಎಲ್ಲಾರೂ ಮನಿಗಿ ಹೋಗ್ರಿ."

ನಮ್ಮ ಕಾಕಾ! ಗಡಿಯಾರ ಮೂರು ತೋರಿಸಿದರೂ 'ಎರಡೂವರಿ ಆಗಿರಬೇಕು' ಎಂದು ಅದರೊಡನೆ ವಾದಕ್ಕೆ ನಿಲ್ಲುವ ಮನುಷ್ಯ! ಸುಬೇದಾರರು ಕಾಕಾ ಅವರ ಮುಖ ನೋಡಿದರು, ಅವರ ಹಿಂದೆ ನಿಂತ ತಮ್ಮನನ್ನು ನೋಡಿದರು, ಆ ಜೇಬನ್ನು ನೋಡಿದರು. ಇಪ್ಪತ್ತು ವರ್ಷದ ಸಿಪಾಯಿಗೆ ಬೇರೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಬಡಿಗೆಯನ್ನು ಮೆಲ್ಲಗೆ ಗೋಡೆಗೆ ಒರಗಿಸಿದರು.

"ಚಹಾ ತಾರೋ," ಎಂದು ಹೋಟೆಲಿನವನಿಗೆ ಕೂಗಿದರು. "ಮಿಸ್ತ್ರಿಗೆ ಮೊದಲ ಕೊಡು."

ಡಾಬಕಾದ ಬಸ್ಸಿನಲ್ಲಿ ಕಿಟಕಿಯ ಪಕ್ಕ ತಮ್ಮ ಕೂತ, ಅವನ ಬಲಕ್ಕೆ ಕಾಕಾ, ಅವರ ಆಚೆ ನಾನು. ಊರು ದಾಟಿದ ಮೇಲೆ ತಮ್ಮ ತಾನಾಗಿಯೇ ಹೇಳಿದ. ಹಿಮದಲ್ಲಿ ಏಳು ದಿನ ನಡೆದಿದ್ದರಂತೆ. ಬಲಗೈಯ ಮೂರು ಬೆರಳು ಕಪ್ಪಗಾದವಂತೆ, ಆಸ್ಪತ್ರೆಯಲ್ಲಿ ತೆಗೆದರಂತೆ. ಇನ್ನು ಮುಂದೆ ಸ್ಟೋರಿನಲ್ಲಿ ಕೆಲಸ ಕೊಡುತ್ತಾರಂತೆ. ಎಲ್ಲವನ್ನೂ ಕಿಟಕಿಯ ಹೊರಗೆ ನೋಡುತ್ತ, ಬೇರೆ ಯಾರದೋ ಸುದ್ದಿ ಹೇಳುವವನ ಹಾಗೆ ಹೇಳಿದ.

"ಕಾಕುಗ ಹ್ಯಾಂಗ ತೋರಸ್ಲಿ ಅಂತ ದಾರಿತುಂಬಾ ಅದೇ ವಿಚಾರ ಮಾಡ್ಕೋತ ಬಂದೆ" ಎಂದ. ಆಮೇಲೆ ಕಾಕಾ ಕಡೆ ತಿರುಗಿ, "ಕಾಕಾ, ನೀವು ಸೋಲಬಾರದಿತ್ರಿ. ಹಳೀ ಬಂದೂಕು ಖರೇನೇ ಛಲೋ ಇತ್ತು" ಎಂದ.

"ಇರ್ಲಿ ಬಿಡಪಾ" ಎಂದರು ಕಾಕಾ. "ಆರು ವರ್ಷ ಬಂದೂಕಿಂದೇ ಮಾತಾಡಿದೆ. ಹಿಡಿಯೋ ಕೈ ಬಗ್ಗೆ ಒಂದ ದಿನಾನೂ ಮಾತಾಡಲಿಲ್ಲ. ನನ್ನ ಬಾಯಿ ಕೇಳಿ ಹೋದಿ ನೀನು."

"ನಾ ನನ್ನ ಮನಸಿಲೆ ಹೋದೆ ಕಾಕಾ."

ಕಾಕಾ ಅದಕ್ಕೆ ವಾದ ಮಾಡಲಿಲ್ಲ. ಎಡಗೈಯನ್ನು ಅವನ ಕೋಟಿನ ಜೇಬಿನೊಳಗೆ ಹಾಕಿದರು. ತಮ್ಮ ಒಮ್ಮೆ ಬೆಚ್ಚಿದ, ಆಮೇಲೆ ಕಣ್ಣು ಮುಚ್ಚಿ ಸೀಟಿಗೆ ಒರಗಿದ. ಕಾಕಾ ಬಲಗೈಯಲ್ಲಿ ಅವನ ಟ್ರಂಕನ್ನು ತೊಡೆಯ ಮೇಲೆ ಹಿಡಿದುಕೊಂಡು ಮುಂದೆ ನೋಡುತ್ತ ಕೂತರು. ಜೇಬಿನೊಳಗಿನ ಕೈ ಅಲ್ಲೇ ಇತ್ತು.

ಕಂಡಕ್ಟರ್ ಬಂದು ಟಿಕೆಟ್ ಕೇಳಿದ. ಕಾಕಾ ಟ್ರಂಕನ್ನು ನನ್ನ ಕಡೆ ಸರಿಸಲಿಲ್ಲ, ಜೇಬಿನಿಂದ ಕೈಯನ್ನೂ ತೆಗೆಯಲಿಲ್ಲ.

"ಮಾಸ್ತರ, ಟಿಕೆಟ್ ನೀನೇ ತಗೊ" ಎಂದರು. "ನನ್ನ ಕೈ ಖಾಲಿ ಇಲ್ಲ."